ಸವೆದ ಕಾಸು, ಸವೆಯದ ಕಾಸು



ಐರ್ಲೆಂಡಿನ ಯಾವುದೇ ಅಂಗಡಿಯಿಂದ ಬಂದ ಚಿಲ್ಲರೆಯನ್ನು ಒಮ್ಮೆ ಮೇಜಿನ ಮೇಲೆ ಹರಡಿ ನೋಡಿ. ಹೆಚ್ಚಿನ ನಾಣ್ಯಗಳ ಮೇಲೆ ಈ ದೇಶದ ಹಾರ್ಪ್ ವಾದ್ಯ ಇರುತ್ತದೆ. ನಡುನಡುವೆ ಜರ್ಮನಿಯ ಹದ್ದು, ಸ್ಪೇನಿನ ಲೇಖಕ ಸರ್ವಾಂಟಿಸ್, ಇಟಲಿಯ ವೀನಸ್ ದೇವತೆ ಸಿಗುತ್ತಾರೆ. 10, 20 ಅಥವಾ 50 ಸೆಂಟಿನ ನಾಣ್ಯದಲ್ಲಿ ಬಲಗೈ ಬೀಸಿ ಬೀಜ ಬಿತ್ತುತ್ತಾ ನಡೆಯುವ ಹೆಂಗಸೊಬ್ಬಳು ಕಂಡರೆ ಅದು ಫ್ರಾನ್ಸಿನಿಂದ ಬಂದದ್ದು. 2024ರಿಂದ ಫ್ರಾನ್ಸ್ ಈ ಮೂರು ನಾಣ್ಯಗಳ ಮೇಲೆ ಸಿಮೋನ್ ವೇಯ್, ಜೋಸೆಫೀನ್ ಬೇಕರ್, ಮೇರಿ ಕ್ಯೂರಿ ಅವರನ್ನು ತಂದಿದೆ. ಆದರೂ ಹಳೆಯವು ಇನ್ನೂ ಧಾರಾಳವಾಗಿ ಓಡಾಡುತ್ತಿವೆ.

ಆ ಬಿತ್ತುವವಳಿಗೆ ನೂರು ವರ್ಷ ಎಂದೋ ದಾಟಿದೆ. ಓಸ್ಕಾರ್ ರೋಟಿ ಎಂಬ ಶಿಲ್ಪಿ ಅವಳನ್ನು ಮೊದಲು ಕೃಷಿ ಇಲಾಖೆಯ ಪದಕವೊಂದಕ್ಕೆಂದು ರೂಪಿಸಿದ್ದರು. ಆ ಪದಕ ಹೊರಬರಲಿಲ್ಲ. ಆದರೆ 1897ರಲ್ಲಿ ಅದೇ ಚಿತ್ರ ಬೆಳ್ಳಿಯ 50 ಸೆಂಟೀಮ್ ನಾಣ್ಯದ ಮೇಲೆ ಬಂತು, ಮರುವರ್ಷ 1 ಮತ್ತು 2 ಫ್ರಾಂಕಿನ ಮೇಲೆ. ಬಂದ ಹೊಸದರಲ್ಲೇ ಟೀಕೆಯೂ ಬಂತು. ಅವಳ ಕೂದಲು, ಸೆರಗು ಹಾರುವ ದಿಕ್ಕು ನೋಡಿದರೆ ಅವಳು ಗಾಳಿಗೆ ಎದುರಾಗಿ ಬಿತ್ತುತ್ತಿದ್ದಾಳೆ. ಬುದ್ಧಿಯಿರುವ ಯಾವ ರೈತ ಹಾಗೆ ಮಾಡುತ್ತಾನೆ ಎಂದು ಜನ ಕೇಳಿದರು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಕೇಳುತ್ತಾ ಬೆಳೆದ, ಕೂರಿಗೆ ಹಿಡಿದವರ ಮನೆಯಿಂದ ಬಂದ ನಮಗೆ ಆ ಟೀಕೆ ನ್ಯಾಯವೆಂದೇ ತೋರುತ್ತದೆ. ಆದರೂ ಚಿತ್ರ ಸೊಗಸಾಗಿದೆ, ಏನು ಮಾಡೋಣ!

ನಮ್ಮ ಮನೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಫ್ರೆಂಚ್ ನಾಣ್ಯಗಳನ್ನು ಕೂಡಿಡುವ ಹವ್ಯಾಸ ಹುಟ್ಟಿದ್ದು ಈ ಚಿಲ್ಲರೆಯಿಂದಲೇ. ಮಕ್ಕಳು ಯೂರೋ ನಾಣ್ಯಗಳನ್ನು ದೇಶವಾರು ಜೋಡಿಸತೊಡಗಿದರು. ಬಿತ್ತುವವಳ ಅಜ್ಜಿಯನ್ನು ಹುಡುಕಿಕೊಂಡು ಹೋದಾಗ ಬೆಳ್ಳಿಯ ಫ್ರಾಂಕ್ ಸಿಕ್ಕಿತು. ಇದು ಸಿರಿವಂತರ ಹವ್ಯಾಸವೇನೂ ಅಲ್ಲ. 1 ಫ್ರಾಂಕ್ ಎಂದರೆ 5 ಗ್ರಾಂ, ಸಾವಿರದಲ್ಲಿ 835 ಭಾಗ ಬೆಳ್ಳಿ. ಕೋಟಿಗಟ್ಟಲೆ ಅಚ್ಚಾಗಿದ್ದರಿಂದ ಇಂದಿಗೂ ಸುಲಭವಾಗಿ ಸಿಗುತ್ತದೆ. ಕಂಚಿನ 10 ಸೆಂಟೀಮ್ ಇನ್ನೂ ಅಗ್ಗ. 25 ಸೆಂಟೀಮಿನ ಕಥೆಯಂತೂ ಮಕ್ಕಳಿಗೆ ಬಹಳ ಹಿಡಿಸಿತು. 1903ರಲ್ಲಿ ನಿಕ್ಕಲ್ಲಿನಲ್ಲಿ ಬಂದ ಆ ನಾಣ್ಯವನ್ನು ಜನ ಬೆಳ್ಳಿಯ ಫ್ರಾಂಕೆಂದು ತಪ್ಪು ತಿಳಿಯುತ್ತಿದ್ದರು. ಮರುವರ್ಷ ಅಂಚಿಗೆ ಮೂಲೆಗಳನ್ನು ಮಾಡಿ ನೋಡಿದರು. ಕೊನೆಗೆ ನಡುವೆ ತೂತು ಮಾಡಿಯೇ ಬಿಟ್ಟರು. ನಮ್ಮಲ್ಲಿಯೂ 1943ರಿಂದ 1947ರವರೆಗೆ ತೂತಿನ ಕಾಸು ಇತ್ತು, ಹಿರಿಯರಿಗೆ ನೆನಪಿರಬಹುದು.

ಈ ಹವ್ಯಾಸದ ನಡುವೆ ಎದ್ದ ಒಂದು ಪ್ರಶ್ನೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾಣ್ಯ ಮಾರುವವರ ಬಳಿ ಒಂದೇ ಬಗೆಯ ಎರಡು ಫ್ರಾಂಕುಗಳಿದ್ದರೆ, ಸವೆದು ಚಿತ್ರ ಮಸುಕಾದದ್ದು ಬೆಳ್ಳಿಯ ತೂಕದ ಬೆಲೆಗೆ ಬರುತ್ತದೆ. ಟಂಕಸಾಲೆಯಿಂದ ಈಗಷ್ಟೇ ಬಂದಂತಿರುವುದಕ್ಕೆ ಅದರ ಹಲವು ಪಟ್ಟು ಬೆಲೆ. ಸಂಗ್ರಹಕಾರರು ನಾಣ್ಯಗಳಿಗೆ ದರ್ಜೆ ಕೊಡುತ್ತಾರೆ; ಮೇಲಿನ ದರ್ಜೆ ಎಂದರೆ ಚಲಾವಣೆಗೇ ಹೋಗದ್ದು. ಇದನ್ನು ವಿವರಿಸಿದಾಗ ನಮ್ಮ ಮಗ ಕೇಳಿದ: ಹಾಗಾದರೆ ಕೆಲಸ ಮಾಡಿದ್ದಕ್ಕೆ ಬೆಲೆ ಕಡಿಮೆ, ಕೆಲಸವನ್ನೇ ಮಾಡದ್ದಕ್ಕೆ ಬೆಲೆ ಜಾಸ್ತಿಯೇ?

ಕಾಸಿಗೆ ತಕ್ಕ ಕಜ್ಜಾಯ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಯೋಚಿಸಿದಷ್ಟೂ ಹುಡುಗನ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ನಾಣ್ಯ ಹುಟ್ಟುವುದೇ ಕೈಯಿಂದ ಕೈಗೆ ಹೋಗಲಿಕ್ಕೆ. ಹತ್ತಾರು ವರ್ಷ ಬ್ರೆಡ್ಡಿಗೆ, ಹಾಲಿಗೆ, ಕೂಲಿಗೆ, ರೈಲಿನ ಟಿಕೇಟಿಗೆ ಸಂದು ಮುಖ ಅಳಿಸಿಕೊಂಡ ನಾಣ್ಯ ತನ್ನ ಧರ್ಮವನ್ನು ಪಾಲಿಸಿದೆ. ಸವೆಯದ ನಾಣ್ಯವನ್ನು ಯಾರೋ ಎಲ್ಲೋ ತಡೆದು ನಿಲ್ಲಿಸಿದ್ದಾರೆ. ಯಾರು, ಏಕೆ?

ಇದಕ್ಕೆ ಇತಿಹಾಸದಲ್ಲಿ ಉತ್ತರವಿದೆ. 1915ರಿಂದ 1919ರವರೆಗಿನ ಬೆಳ್ಳಿಯ ಫ್ರಾಂಕುಗಳು ಹೊಳೆಯುವ ಸ್ಥಿತಿಯಲ್ಲಿ ಹೇರಳವಾಗಿ ಸಿಗುತ್ತವೆ. ಅದು ಮೊದಲ ಮಹಾಯುದ್ಧದ ಕಾಲ. 1914ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸಿನ ಹತ್ತಿರ ಬಂದಾಗ ಫ್ರಾನ್ಸ್ ಒಂದಷ್ಟು ನಾಣ್ಯಗಳನ್ನು ದಕ್ಷಿಣದ ಕಾಸ್ತೆಲ್‌ಸರಾಸಾನ್ ಎಂಬ ಊರಿನಲ್ಲಿ ಅಚ್ಚು ಹಾಕಿಸಿತು. ಆ ಊರಿನ ಗುರುತಾದ ಸಣ್ಣ 'ಸಿ' ಅಕ್ಷರವಿರುವ ನಾಣ್ಯಗಳು ಈಗ ಅಪರೂಪ. ನಾಳೆ ಏನಾಗುವುದೋ ಎಂಬ ಭಯದಲ್ಲಿ ಜನ ಬೆಳ್ಳಿಯನ್ನು ಕಾಲುಚೀಲದಲ್ಲಿ, ಹಾಸಿಗೆಯಡಿಯಲ್ಲಿ, ನೆಲದಲ್ಲಿ ಬಚ್ಚಿಟ್ಟರು. ಪೇಟೆಯಲ್ಲಿ ಚಿಲ್ಲರೆಯೇ ಇಲ್ಲವಾಗಿ, ಊರೂರಿನ ವಾಣಿಜ್ಯ ಮಂಡಳಿಗಳು ಸಣ್ಣ ಮೊತ್ತದ ಕಾಗದದ ಚೀಟಿಗಳನ್ನು ಹೊರಡಿಸಬೇಕಾಯಿತು. ಯುದ್ಧ ಮುಗಿದ ಮೇಲೆ ಬೆಳ್ಳಿಯ ಬೆಲೆ ಏರಿ, ಕಾಗದದ ಫ್ರಾಂಕಿನ ಬೆಲೆ ಇಳಿಯಿತು. ನಾಣ್ಯದ ಮುಖಬೆಲೆಗಿಂತ ಅದರೊಳಗಿನ ಲೋಹದ ಬೆಲೆಯೇ ಹೆಚ್ಚಾಯಿತು. 1920ಕ್ಕೆ ಬೆಳ್ಳಿಯ ಫ್ರಾಂಕ್ ನಿಂತಿತು. ಅದರ ಜಾಗಕ್ಕೆ ವಾಣಿಜ್ಯ ಮಂಡಳಿಗಳ ಹೆಸರಿನಲ್ಲಿ ಬಂದ ಹಳದಿ ಲೋಹದ ಬಿಲ್ಲೆಯ ಮೇಲೆ '1 ಫ್ರಾಂಕಿಗೆ ಸಲ್ಲುತ್ತದೆ' ಎಂಬ ಅರ್ಥದ ಮಾತಿತ್ತು. ಅದು ಫ್ರಾಂಕ್ ಎಂದಲ್ಲ, ಫ್ರಾಂಕಿಗೆ ಸಲ್ಲುವಂಥದ್ದು ಎಂದು! ವ್ಯಾಪಾರಕ್ಕೆ ದೇವತೆಯಾದ ಮರ್ಕ್ಯುರಿ ಅದರ ಮೇಲೆ ಕುಳಿತಿದ್ದಾನೆ, ಬಿತ್ತುವವಳು ಇಲ್ಲ.

ಬಂಗಾರದ ಕಥೆ ಇನ್ನೂ ತೀಕ್ಷ್ಣ. 1899ರಿಂದ 1914ರವರೆಗೆ ಬಂದ 20 ಫ್ರಾಂಕಿನ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಹುಂಜವಿದೆ. ಅದರ ಅಂಚಿನಲ್ಲಿ 1906ರವರೆಗೆ ದೇವರು ಫ್ರಾನ್ಸನ್ನು ಕಾಪಾಡಲಿ ಎಂಬ ಅರ್ಥದ ಮಾತಿತ್ತು. 1905ರಲ್ಲಿ ಚರ್ಚು ಮತ್ತು ಸರ್ಕಾರ ಬೇರೆಯಾದವು. 1907ರಿಂದ ಅಂಚಿನಲ್ಲಿ ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ ಬಂದವು. 1915ರಲ್ಲಿ ಸರ್ಕಾರ ಜನರಿಗೆ ಕರೆಕೊಟ್ಟಿತು: ನಿಮ್ಮ ಚಿನ್ನವನ್ನು ದೇಶಕ್ಕೆ ಕೊಡಿ, ಬದಲಿಗೆ ನೋಟು ತೆಗೆದುಕೊಳ್ಳಿ. ಆ ವರ್ಷ ಅಬೆಲ್ ಫೇವ್ರ್ ಎಂಬ ಕಲಾವಿದರು ಬರೆದ ಭಿತ್ತಿಪತ್ರ ಇಂದಿಗೂ ಪ್ರಸಿದ್ಧ. ಚಿನ್ನದ ನಾಣ್ಯದೊಳಗಿನ ಹುಂಜ ಹೊರಗೆ ಬಂದು ಜರ್ಮನ್ ಸೈನಿಕನ ಮೇಲೆ ಎರಗುವ ಚಿತ್ರ ಅದು. ಅಸಂಖ್ಯಾತ ಜನ ಬ್ಯಾಂಕಿನ ಮುಂದೆ ನಿಂತು ಚಿನ್ನ ಕೊಟ್ಟು, ನೋಟನ್ನೂ ದೇಶಕ್ಕಾಗಿ ಕೊಟ್ಟದ್ದಕ್ಕೆ ಒಂದು ಪ್ರಮಾಣಪತ್ರವನ್ನೂ ಪಡೆದರು. ಕೊಡದೆ ಇಟ್ಟುಕೊಂಡವರೂ ಇದ್ದರು.

ಮುಂದೇನಾಯಿತು ಎಂಬುದು ಮುಖ್ಯ. 1928ರ ಜೂನಿನಲ್ಲಿ ಪ್ವಾಂಕರೆ ಸರ್ಕಾರ ಫ್ರಾಂಕಿನ ಚಿನ್ನದ ಮೌಲ್ಯವನ್ನು ಯುದ್ಧಪೂರ್ವದ ಸುಮಾರು ಐದನೆಯ ಒಂದು ಭಾಗಕ್ಕೆ ನಿಗದಿ ಮಾಡಿತು. ಎಂದರೆ 1915ರಲ್ಲಿ ದೇಶವನ್ನು ನಂಬಿ ಚಿನ್ನ ಕೊಟ್ಟು ನೋಟನ್ನು ಇಟ್ಟುಕೊಂಡವಳ ಗಂಟಿನಲ್ಲಿ ಐದರಲ್ಲಿ ಒಂದು ಪಾಲು ಉಳಿಯಿತು. ಬಚ್ಚಿಟ್ಟವಳ ಗಂಟು ಹಾಗೇ ಇತ್ತು. ಇಲ್ಲಿ ಧರ್ಮ ಯಾವುದು, ಜಾಣತನ ಯಾವುದು? ಗಂಡ ಯುದ್ಧಕ್ಕೆ ಹೋಗಿ, ಮಕ್ಕಳನ್ನು ಸಾಕಬೇಕಾದ ಹೆಂಗಸು ನಾಲ್ಕು ನಾಣ್ಯ ಹೂತಿಟ್ಟರೆ ಅವಳನ್ನು ಲೋಭಿ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಆದರೆ ಕೊಟ್ಟವಳನ್ನು ದಡ್ಡಿ ಎನ್ನುವ ಲೆಕ್ಕಾಚಾರವನ್ನಂತೂ ನಾವು ಒಪ್ಪುವುದಿಲ್ಲ. ಇಂದು ನಾಣ್ಯಗಳ ಪೇಟೆ ಮಾಡುವುದು ಅದನ್ನೇ. ಬಚ್ಚಿಟ್ಟವಳ ನಾಣ್ಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿದೆ. ಕೊಟ್ಟವಳದು ಕರಗಿ ಎಲ್ಲೋ ಹೋಯಿತು, ಅವಳ ಪಾಲಿಗೆ ಒಂದು ಕಾಗದ ಉಳಿಯಿತು.

ಆ ಯುದ್ಧದ ಫ್ರಾನ್ಸಿನಲ್ಲಿ ನಮ್ಮವರೂ ಇಲ್ಲಿನವರೂ ಒಟ್ಟಿಗೇ ಇದ್ದರು ಎಂಬುದು ಇಲ್ಲಿ ನೆನಪಿಡಬೇಕಾದ ವಿಷಯ. ಐರ್ಲೆಂಡಿನ ಕನಾಟ್ ರೇಂಜರ್ಸ್ ಪಡೆಯ ಮೊದಲ ತುಕಡಿ ಆಗ ಭಾರತದಲ್ಲಿತ್ತು. 1914ರ ಸೆಪ್ಟೆಂಬರಿನಲ್ಲಿ ಲಾಹೋರ್ ಡಿವಿಜನ್ನಿನ ಭಾರತೀಯ ಸೈನಿಕರ ಜೊತೆಗೇ ಅದು ಮಾರ್ಸೇ ಬಂದರಿನಲ್ಲಿ ಇಳಿಯಿತು. (ನಮ್ಮ ಮೈಸೂರು ಲ್ಯಾನ್ಸರ್ಸ್ ಹೋದದ್ದು ಫ್ರಾನ್ಸಿಗಲ್ಲ, ಈಜಿಪ್ಟು ಮತ್ತು ಪ್ಯಾಲೆಸ್ಟೈನಿಗೆ.) ಒಂದು ಸವೆದ ಫ್ರಾಂಕನ್ನು ಅಂಗೈಯಲ್ಲಿಟ್ಟುಕೊಂಡಾಗ, ಗಾಲ್ವೇಯ ಹುಡುಗನೊಬ್ಬನೋ ಪಂಜಾಬಿನವನೊಬ್ಬನೋ ಇದನ್ನು ಕೊಟ್ಟು ಕಾಫಿ ಕುಡಿದಿರಬಹುದು ಎಂದು ಊಹಿಸಲು ಜಾಗವಿದೆ. ಹೊಳೆಯುವ ಫ್ರಾಂಕಿನಲ್ಲಿ ಆ ಜಾಗವಿಲ್ಲ.

ನಮ್ಮ ಮನೆಗಳ ವಿಷಯಕ್ಕೆ ಬರೋಣ. ದೇವರ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯದೋ ಜಾರ್ಜ್ ದೊರೆಯದೋ ಬೆಳ್ಳಿ ರೂಪಾಯಿ ಇರುವ ಮನೆಗಳು ನಮ್ಮಲ್ಲಿ ಅನೇಕ. ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ ಅದನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ಫಳಫಳ ಮಾಡುತ್ತೇವೆ. ನಾಣ್ಯ ಸಂಗ್ರಹಕಾರರು ಇದನ್ನು ಕಂಡರೆ ಎದೆ ಬಡಿದುಕೊಳ್ಳುತ್ತಾರೆ. ಅವರ ಮೊದಲ ನಿಯಮವೇ ಹಳೆಯ ನಾಣ್ಯವನ್ನು ತೊಳೆಯಬಾರದು, ತಿಕ್ಕಬಾರದು ಎಂದು. ಕಾಲ ಅದರ ಮೇಲೆ ಕಟ್ಟಿದ ಕಪ್ಪು ಪೊರೆಯೇ ಅದರ ಸಾಕ್ಷಿ. ತಿಕ್ಕಿದ ಒಂದು ನಿಮಿಷದಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಅವರ ಮಾತು ಅವರ ಮಟ್ಟಿಗೆ ಸರಿ. ನಮ್ಮ ಅಮ್ಮಂದಿರು ಮಾಡುವುದೂ ತಪ್ಪಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಆ ರೂಪಾಯಿ ಅವರಿಗೆ ಹಳೆಯ ವಸ್ತುವಲ್ಲ, ಇನ್ನೂ ಕೆಲಸದಲ್ಲಿರುವ ವಸ್ತು. ವರ್ಷಕ್ಕೊಮ್ಮೆ ಕಲಶದ ಮುಂದೆ ಕೂರುತ್ತದೆ, ಸ್ನಾನ ಮಾಡಿಯೇ ಕೂರಬೇಕು.

ಮುಡಿಪಿನ ಕಾಸೂ ಹಾಗೆಯೇ. ಮಗುವಿಗೆ ಜ್ವರ ಬಂದಾಗ ಹಳದಿ ಬಟ್ಟೆಯಲ್ಲಿ ಕಟ್ಟಿ ತಿರುಪತಿಗೋ ಧರ್ಮಸ್ಥಳಕ್ಕೋ ಎಂದು ಎತ್ತಿಟ್ಟ ಕಾಸನ್ನು ಮನೆಯಲ್ಲಿ ಎಷ್ಟೇ ಕಷ್ಟವಿದ್ದರೂ ಮುಟ್ಟುವುದಿಲ್ಲ. ಅದನ್ನೂ ಚಲಾವಣೆಯಿಂದ ತಡೆದು ನಿಲ್ಲಿಸಲಾಗಿದೆ. ಆ ಮಟ್ಟಿಗೆ ಅದು ಸಂಗ್ರಹಕಾರನ ನಾಣ್ಯದಂತೆಯೇ. ವ್ಯತ್ಯಾಸ ಒಂದೇ: ಮುಡಿಪನ್ನು ಎತ್ತಿಡುವುದು ಒಪ್ಪಿಸುವುದಕ್ಕೆ. ಬಿತ್ತನೆಯ ಬೀಜವನ್ನು ಬರಗಾಲದಲ್ಲೂ ತಿನ್ನದೆ ಎತ್ತಿಡುತ್ತಾರಲ್ಲ, ಹಾಗೆ. ಎತ್ತಿಟ್ಟದ್ದೆಲ್ಲ ಲೋಭವಾಗುವುದಿಲ್ಲ. ಪತಂಜಲಿ ಐದು ಯಮಗಳಲ್ಲಿ ಒಂದಾಗಿ ಹೇಳಿದ ಅಪರಿಗ್ರಹವನ್ನು ಮುಂದಿಟ್ಟು ಯಾರಾದರೂ ನಮ್ಮ ಆಲ್ಬಮ್ಮನ್ನು ಆಕ್ಷೇಪಿಸಿದರೆ, ಇದು ಯಾರಿಗಾಗಿ ಇಟ್ಟದ್ದು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಬೀಗ ಹಾಕಿ ಬೆಲೆ ಏರಲಿ ಎಂದು ಕಾಯುವುದಾದರೆ ಆಕ್ಷೇಪ ನಿಲ್ಲುತ್ತದೆ. ಬಂದವರ ಕೈಗೆ ಕೊಟ್ಟು ತೋರಿಸುವುದಾದರೆ ನಿಲ್ಲುವುದಿಲ್ಲ ಎಂದುಕೊಂಡಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆ. ಭಾರತದ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಈ ಗಡಿ ಪ್ರತಿವರ್ಷ ಒಂದು ವರ್ಷ ಮುಂದೆ ಸರಿಯುತ್ತದೆ. 1918ರ ಜಾರ್ಜ್ ರೂಪಾಯಿ 2000ನೇ ಇಸವಿಯಲ್ಲಿ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತದೆ. ಊರಿಗೆ ಹೋದಾಗ ಅಜ್ಜಿ ಪ್ರೀತಿಯಿಂದ ಕೊಟ್ಟರೂ ಸೂಟ್‌ಕೇಸಿಗೆ ಹಾಕುವ ಮುನ್ನ ಯೋಚಿಸುವುದು ಒಳ್ಳೆಯದು. ಅದು ಅಲ್ಲಿಯ ದೇವರ ಪೆಟ್ಟಿಗೆಯಲ್ಲೇ ಇರಲಿ, ನೋಡಲು ನಾವೇ ಹೋಗೋಣ.

ಐರ್ಲೆಂಡಿನ ನಾಣ್ಯಗಳಲ್ಲೂ ಈ ಪ್ರಶ್ನೆಗೆ ಸಂಬಂಧಿಸಿದ್ದು ಇದೆ. ಸ್ವತಂತ್ರ ಐರ್ಲೆಂಡ್ 1928ರಲ್ಲಿ ತನ್ನ ಮೊದಲ ನಾಣ್ಯಗಳನ್ನು ತಂದಾಗ ಕವಿ ಯೇಟ್ಸ್ ಅಧ್ಯಕ್ಷತೆಯ ಸಮಿತಿ ರಾಜರನ್ನೂ ಸಂತರನ್ನೂ ಬಿಟ್ಟು ಪ್ರಾಣಿಗಳನ್ನು ಆರಿಸಿತು. ಕುದುರೆ, ಸಾಲ್ಮನ್ ಮೀನು, ಹೋರಿ, ಮೊಲ, ಮರಿಗಳ ಜೊತೆಗಿನ ಕೋಳಿ, ಹಂದಿ ಎಲ್ಲ ಇದ್ದವು. ದೇವರಿಲ್ಲದ ನಾಣ್ಯಗಳೆಂದು ಕೆಲವರು ಗೊಣಗಿದರು. ಇವುಗಳಲ್ಲಿ 1943ರ ಬೆಳ್ಳಿಯ ಫ್ಲಾರಿನ್ ಬಹಳ ಅಪರೂಪದ್ದು. ಆ ವರ್ಷದ ಬಹುತೇಕ ಎಲ್ಲವನ್ನೂ ಕರಗಿಸಿಬಿಟ್ಟರು. ಹೇಗೋ ಚಲಾವಣೆಗೆ ನುಸುಳಿದ ಕೆಲವೇ ಕೆಲವು ಉಳಿದವು. ಇಲ್ಲಿ ಲೆಕ್ಕ ತಿರುಗಾಮುರುಗಾ. ಭದ್ರವಾಗಿ ಇಟ್ಟದ್ದು ಹೋಯಿತು, ಪೇಟೆಗೆ ಬಿದ್ದದ್ದು ಬದುಕಿತು. ನಮಗೆ ಈ ನಾಣ್ಯ ಕೊಳ್ಳುವ ಶಕ್ತಿ ಇಲ್ಲ, ಆದರೆ ಅದರ ಕಥೆಯನ್ನು ಮಕ್ಕಳಿಗೆ ಹೇಳಲು ಖರ್ಚಿಲ್ಲ.

ಮಾತು ಉಳಿಸಿಕೊಳ್ಳುವ ವಿಷಯದಲ್ಲೂ ಈ ದೇಶವನ್ನು ಮೆಚ್ಚಬೇಕು. 2002ರ ಫೆಬ್ರವರಿ 9ಕ್ಕೆ ಐರಿಷ್ ಪೌಂಡು ಚಲಾವಣೆಯಿಂದ ಹೋಯಿತು. ಆದರೆ ಹಳೆಯ ನೋಟು, ನಾಣ್ಯಗಳನ್ನು ಇಲ್ಲಿನ ಕೇಂದ್ರೀಯ ಬ್ಯಾಂಕ್ ಇಂದಿಗೂ ಯೂರೋಗೆ ಬದಲಿಸಿಕೊಡುತ್ತದೆ, ಅದಕ್ಕೆ ಗಡುವೇ ಇಲ್ಲ. ಫ್ರಾನ್ಸಿನಲ್ಲಿ ಕೊನೆಯ ಫ್ರಾಂಕ್ ನಾಣ್ಯಗಳಿಗೆ 2005ರಲ್ಲೂ ನೋಟುಗಳಿಗೆ 2012ರಲ್ಲೂ ಬಾಗಿಲು ಮುಚ್ಚಿತು. 2016ರ ನವೆಂಬರ್ 8ರ ರಾತ್ರಿ ಭಾರತದಲ್ಲಿ 500, 1000 ರೂಪಾಯಿ ನೋಟುಗಳು ರದ್ದಾದಾಗ ನಮ್ಮಲ್ಲಿ ಹಲವರ ಪಾಸ್‌ಪೋರ್ಟ್ ಚೀಲದಲ್ಲಿ ಒಂದೆರಡು ಉಳಿದೇ ಹೋದವು. ವಿಮಾನ ನಿಲ್ದಾಣದಿಂದ ಟ್ಯಾಕ್ಸಿಗೆ ಬೇಕಾದೀತು ಎಂದು ಇಟ್ಟಿದ್ದ ಹಣ ಅದು. ಈಗ ಅದೂ ಒಂದು ಸಂಗ್ರಹವೇ, ಸವೆಯದ ದರ್ಜೆಯದ್ದು!

ಸವೆಯದ ನಾಣ್ಯದ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ರೋಟಿಯವರು ಬಿತ್ತುವವಳ ಬಟ್ಟೆಯ ನೆರಿಗೆಗಳನ್ನು, ಹಿಂದಿನ ಸೂರ್ಯನ ಕಿರಣಗಳನ್ನು ಎಷ್ಟು ನವಿರಾಗಿ ತೆಗೆದಿದ್ದಾರೆ ಎಂಬುದು ಸವೆದ ನಾಣ್ಯದಲ್ಲಿ ಕಾಣುವುದೇ ಇಲ್ಲ. ಎಲ್ಲವೂ ಕೈಗೆ ಸಿಕ್ಕಿ ಸವೆದಿದ್ದರೆ ಶಿಲ್ಪಿಯ ಕೆಲಸ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದೆರಡನ್ನು ಯಾರಾದರೂ ಕಾಪಾಡಲೇಬೇಕು. ಆ ಕೆಲಸಕ್ಕೆ ವಸ್ತುಸಂಗ್ರಹಾಲಯಗಳಿವೆ. ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ವಿಷಯ. ಹುಂಜದ ಚಿನ್ನದ ನಾಣ್ಯಗಳಲ್ಲಿ 1907ರಿಂದ 1914ರ ಇಸವಿ ಇರುವ ಬಹಳಷ್ಟನ್ನು ಫ್ರಾನ್ಸ್ 1950ರ ದಶಕದಲ್ಲಿ ಮತ್ತೆ ಅಚ್ಚು ಹಾಕಿತು. ಇಸವಿ ಹಳೆಯದು, ನಾಣ್ಯ ಹೊಸದು. ಚಿನ್ನವೇನೋ ಅಷ್ಟೇ ಇದೆ, ಮೋಸವೆನ್ನಲಾಗದು. ಆದರೆ ಯುದ್ಧಕ್ಕೆ ಮುಂಚಿನ ಕೈಗಳನ್ನು ಅವು ಕಂಡಿಲ್ಲ.

ನಮ್ಮ ಕುಟುಂಬದಲ್ಲಿ ಒಂದು ಕಾಸಿನ ಸರವಿದೆ. ಈಗ ಚಿನ್ನದ ಬೆಲೆ ಏರಿರುವುದರಿಂದ ಅದನ್ನು ಕರಗಿಸಿ ಹೊಸ ಮಾದರಿಯ ಒಡವೆ ಮಾಡಿಸೋಣ ಎನ್ನುವವರೂ, ಹಾಗೇ ಇರಲಿ ಎನ್ನುವವರೂ ನಮ್ಮೊಳಗೇ ಇದ್ದಾರೆ. ಫೋನಿನಲ್ಲಿ ಈ ಚರ್ಚೆ ಎರಡು ವರ್ಷದಿಂದ ನಡೆದಿದೆ. ಸರದ ಮಧ್ಯೆ ಕೆಲವು ಕಡೆ ಕಾಸಿಲ್ಲ, ಬರೀ ದಾರ ಕಾಣುತ್ತದೆ. ಒಂದು ಕಾಸು ಬಾವಿ ತೋಡಿಸಲು ಹೋಯಿತಂತೆ, ಒಂದು ಚಿಕ್ಕತ್ತೆಯ ಮದುವೆಗೆ. ಎರಡು ಕಾಸು ನಮ್ಮ ಓದಿಗೆ, ವಿಮಾನದ ಟಿಕೇಟಿಗೆ ಹೋದವು. ಅಕ್ಕಸಾಲಿ ತೂಕ ಹಾಕುವುದು ಉಳಿದ ಕಾಸುಗಳನ್ನು. ಅತ್ತೆ ಸರವನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಬೆರಳಿಟ್ಟು ಹೇಳುವುದು ಇಲ್ಲದ ಕಾಸುಗಳ ಕಥೆಯನ್ನು. ಕರಗಿಸುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಇನ್ನೊಂದು ಹುಡುಗಿಯ ಓದಿಗೆ ಬೇಕಾದರೆ ನಾಳೆಯೇ ಕರಗಲಿ. ಹೊಸ ಮಾದರಿಗೆಂದು ಮಾತ್ರ ಬೇಡ ಎಂಬುದು ನಮ್ಮ ಮತ. ಇದಕ್ಕೆ ಅತ್ತೆಯ ಒಪ್ಪಿಗೆ ಇದೆ, ಉಳಿದವರದು ಇನ್ನೂ ಆಗಬೇಕು.

ಆಲ್ಬಮ್ಮಿಗೆ ಈ ವರ್ಷ ನಾವು ಸೇರಿಸಿದ್ದು 1901ರ ಒಂದು ಫ್ರಾಂಕ್. ಬಿತ್ತುವವಳ ಮುಖ ಪೂರ್ತಿ ಅಳಿಸಿದೆ, ಚಾಚಿದ ತೋಳು ಮಾತ್ರ ತಿಳಿಯುತ್ತದೆ. ಬೆಳ್ಳಿಯ ತೂಕದ ಬೆಲೆಗೇ ಸಿಕ್ಕಿತು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಲ್ಲ.